ನೂರಕ್ಕೆ ತೊಂಬತ್ತು

"ಟೀವ್ಯಾಗ ನೂರಕ್ಕ ತೊಂಬತ್ತು ಅಂದ್ರಲ್ಲ, ಆ ತೊಂಬತ್ತರಾಗ ನಾನೂ ಒಬ್ಬಾಕಿ ಅದೀನ್ರಿ," ಎನ್ನುತ್ತ ರೇಣುಕಮ್ಮ ಮಿರ್ಚಿ ಬಜ್ಜಿಯ ತಟ್ಟೆಯನ್ನು ಟೇಬಲ್ ಮೇಲೆ ಕುಕ್ಕಿದಳು.

ಮನೋಹರ್ ಬೆಚ್ಚಿದ. ಹೊಸಪೇಟೆಯ ಕಾಲೇಜಿನಲ್ಲಿ ಹದಿನೈದು ವರ್ಷದಿಂದ ರಾಜ್ಯಶಾಸ್ತ್ರ ಕಲಿಸುತ್ತಿದ್ದರೂ ಪಕ್ಕದ ಬೀದಿಯವರಿಗೇ ಅವನ ಗುರುತಿರಲಿಲ್ಲ. ಮೊನ್ನೆ ಟೀವಿ ಚರ್ಚೆಯಲ್ಲಿ ಒಂದು ಮಾತಾಡಿದ್ದೇ ತಡ, ಊರೆಲ್ಲ ನಮಸ್ಕಾರ ಹಾಕತೊಡಗಿತ್ತು. "ಹಂಪಿ ಸುತ್ತಲಿನ ಹಳ್ಳಿಗಳಲ್ಲಿ ಸಮೀಕ್ಷೆ ಮಾಡಿದ್ದೇವೆ. ನೂರಕ್ಕೆ ತೊಂಬತ್ತು ಮನೆಗಳಲ್ಲಿ ಗಂಡ ಹೆಂಡತಿಯ ಓಟು ಒಂದೇ. ಅಂದರೆ ಹೆಂಗಸರು ಗಂಡ ಹೇಳಿದವರಿಗೇ ಹಾಕುತ್ತಾರೆ" ಎಂದಿದ್ದ. ಇನ್ನು ಹತ್ತು ನಿಮಿಷಕ್ಕೆ ಅದೇ ಚಾನೆಲ್ಲಿನವರು ಫೋನಿನಲ್ಲಿ ಮತ್ತೆ ಮಾತಾಡಿಸುವವರಿದ್ದರು. ಅದಕ್ಕೇ ಬೈಕ್ ನಿಲ್ಲಿಸಿ, ಕಡ್ಡಿರಾಂಪುರ ದಾಟಿದ ಮೇಲಿನ ಈ ರಸ್ತೆಬದಿಯ ಹೋಟೆಲಿಗೆ ಬಂದು ಕೂತಿದ್ದ.

"ಮಸ್ತ್ ಹೇಳಿದ್ರಿ ಸರ್!" ಚಹಾ ಸೋಸುತ್ತಿದ್ದ ಅವಳ ಗಂಡ ಅಂಜಿನೇಯ ಒಲೆಯ ಮುಂದಿನಿಂದಲೇ ಕೂಗಿದ. "ನಮ್ಮ ಮನ್ಯಾಗಂತೂ ನಾ ಹೇಳಿದ್ದ ಫೈನಲ್."

ರೇಣುಕಮ್ಮ ಅತ್ತ ತಿರುಗಿಯೂ ನೋಡಲಿಲ್ಲ. "ನಿನ್ನೆ ಊರ ಸಭಾಕ್ಕ ಸಂಘದ ಹೆಣ್ಮಕ್ಕಳೆಲ್ಲ ಹೋಗಿದ್ವಿರಿ. ಬಸ್ ನಿಲ್ಲೋ ಕಡೆ ನಮಗೊಂದು ಶೌಚಾಲಯ ಕಟ್ಟಿಸ್ರಿ ಅಂತ ನಾ ಎದ್ದು ನಿಂತ್ರ, ಮುಂದ ಕುಂತ ಗಂಡಸರು ಗೊಳ್ಳಂತ ನಕ್ರು. 'ನಿಮ್ಮನ್ನೇನು ಕೇಳೋದೈತವಾ, ನಿಮ್ಮ ಗಂಡಂದಿರನ್ನ ಕೇಳಿದ್ರ ಆತು. ದೊಡ್ಡ ಪ್ರೊಫೆಸರೇ ಹೇಳ್ಯಾರ' ಅಂದ್ರು. ಬಾಯಿ ಮುಚ್ಕೊಂಡು ಕುಂತ್ವಿ. ಬರೋ ವಾರ ಮತ್ತ ಸಭಾ ಐತಿ. ಇವತ್ತ ಮತ್ತ ನೀವು ಮಾತಾಡ್ತೀರಂತ ಟೀವ್ಯಾಗ ತೋರಸಾಕತ್ತಾರ, ಇವತ್ತೂ ಅದನ್ನ ಹೇಳಿದ್ರ ನಮ್ಮ ಕಥಿ ಮುಗೀತು ನೋಡ್ರಿ."

ಮನೋಹರ್ ಕಚ್ಚಿದ್ದ ಮಿರ್ಚಿಯನ್ನು ತಟ್ಟೆಗಿಟ್ಟ. ಆದರೂ ಮೇಷ್ಟ್ರಲ್ಲವೇ, ಸುಮ್ಮನಿರುವುದುಂಟೇ? "ಲೆಕ್ಕ ಸುಳ್ಳಲ್ಲಮ್ಮ. ಇಬ್ಬರ ಓಟೂ ಒಂದೇ ಇತ್ತು."

"ಒಂದ ಇದ್ದದ್ದು ಖರೇ ಐತ್ರಿ. ಆದ್ರ ಯಾರು ಯಾರಿಗೆ ಹೇಳಿದ್ರು ಅಂತ ನಿಮ್ಮ ಕಡೆಯವರು ಕೇಳಿದ್ರೇನು?"

ಮನೋಹರ್ ಸಮೀಕ್ಷೆಯ ಹಾಳೆಯನ್ನು ಮನಸ್ಸಿನಲ್ಲೇ ತಿರುವಿಹಾಕಿದ. ಮೂವತ್ತೆರಡು ಪ್ರಶ್ನೆ. ವಯಸ್ಸು ಕೇಳಿದ್ದರು, ಜಾತಿ ಕೇಳಿದ್ದರು, ಮನೆಯಲ್ಲಿ ಫ್ರಿಜ್ ಇದೆಯೇ ಅಂತಲೂ ಕೇಳಿದ್ದರು. ಇದೊಂದನ್ನು ಕೇಳಿರಲಿಲ್ಲ. ಅಯ್ಯೋ ಶಿವನೇ, ಇಷ್ಟು ಸಣ್ಣ ಮಾತು ತನಗೆ ಹೊಳೆಯಲಿಲ್ಲವಲ್ಲ! ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಕುತೂಹಲ ಕೆರಳಿತು.

"ಹಂಗಾದ್ರ ನಿಮ್ಮ ಮನ್ಯಾಗ ಯಾರು ಯಾರಿಗೆ ಹೇಳಿದ್ರಿ?"

"ನನ್ನ ಬಾಯಿಲೆ ಯಾಕ ಹೇಳಸ್ತೀರಿ? ಅಲ್ಲೇ ಅದಾರ, ಅವರನ್ನ ಕೇಳ್ರಿ," ಎಂದು ರೇಣುಕಮ್ಮ ಎಂಜಲು ತಟ್ಟೆಗಳನ್ನೆತ್ತಿಕೊಂಡು ಒಳಗೆ ಹೋದಳು.

ಅಷ್ಟರಲ್ಲಿ ಫೋನು ಬಂದೇ ಬಿಟ್ಟಿತು. ನಿರೂಪಕಿಯ ದನಿ ಪಟಪಟ ಉದುರಿತು: "ಸರ್, ನೀವೀಗ ನೇರಪ್ರಸಾರದಲ್ಲಿದ್ದೀರಿ. ನಿಮ್ಮ ಮಾತು ಭಾರಿ ಚರ್ಚೆ ಎಬ್ಬಿಸಿದೆ. ಗಂಡ ಹೇಳಿದವರಿಗೇ ಹೆಂಡತಿಯ ಓಟು, ಅಲ್ಲವೇ ಸರ್?"

ಹೌದು ಅಂದರೆ ಮುಗಿಯಿತು, ನಾಳೆಯೂ ಕರೆಯುತ್ತಾರೆ. ಮನೋಹರ್ ಫೋನನ್ನು ಕಿವಿಗೆ ಒತ್ತಿಕೊಂಡ. "ಇಲ್ಲ ಮೇಡಂ, ಅದು ನನಗೆ ಗೊತ್ತಿಲ್ಲ. ಗೊತ್ತಿಲ್ಲದೆ ಹೇಳಿದ್ದು ನನ್ನ ತಪ್ಪು. ಕೇಳಬೇಕಿದ್ದ ಪ್ರಶ್ನೆಯನ್ನೇ ನಾನು ಕೇಳಿರಲಿಲ್ಲ. ಈಗ ಎಲ್ಲರ ಎದುರಿಗೇ ಕೇಳುತ್ತೇನೆ," ಎಂದವನೇ ಎದ್ದು ಹೋಗಿ ಫೋನನ್ನು ಅಂಜಿನೇಯನ ಮುಖದ ಮುಂದೆ ಹಿಡಿದ. "ಯಾರಿಗೆ ಹಾಕಿದ್ರಿ ಅಂತ ಹೆಸರು ಬ್ಯಾಡ. ನೀವು ಓಟು ಹಾಕಿದ್ರಲ್ಲ, ಅವರಿಗೇ ಯಾಕ ಹಾಕಿದ್ರಿ? ಇಡೀ ರಾಜ್ಯ ಕೇಳಾಕತ್ತೈತಿ."

ಅಂಜಿನೇಯ ಹಿಗ್ಗಿ ಹೀರೇಕಾಯಿಯಾದ. ಟವೆಲಿನಲ್ಲಿ ಕೈ ಒರೆಸಿದ, ತಲೆಗೂದಲು ಸರಿಮಾಡಿಕೊಂಡ, ಗಟ್ಟಿಯಾಗಿ ಕೆಮ್ಮಿದ.

"ಯಾಕಂದ್ರ... ಅವರು ಏನದಾರ... ಅದು ಏನಾತಂದ್ರ ಸರ್..."

ಅಂಜಿನೇಯ ಅಡಿಗೆಮನೆಯ ಕಡೆ ಕತ್ತು ತಿರುಗಿಸಿದ.

"ಏ ರೇಣುಕಾ, ನಾವು ಅವರಿಗೆ ಯಾಕ ಹಾಕಿದ್ವಿ? ಜಲ್ದಿ ಹೇಳು, ಸರ್ ಕೇಳಾಕತ್ತಾರ!"