ನಾಳದ ಎರಡು ತುದಿಗಳು

"ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸ್ಕೊಂಡು ಎಷ್ಟು ವರ್ಷ ಆಯ್ತು?" ಎಂದು ಡಾಕ್ಟರು ಕೇಳಿದಾಗ, ಎಲೆಕ್ಟ್ರಿಷಿಯನ್ ಬಾಯಿ ತೆರೆಯುವ ಮೊದಲೇ ಅವನ ಎರಡನೆಯ ಹೆಂಡತಿ "ಐದು" ಎಂದಳು. ಕೆಲವೇ ತಿಂಗಳ ಹಿಂದೆ, ಮದುವೆಗೆ ಮುಂಚೆ, ಅವನೇ ಅವಳಿಗೆ ಹಾಗೆ ಹೇಳಿದ್ದ.

ಅವನು ಮಾತು ತೇಲಿಸಲು ನೋಡಿದ. "ಅದನ್ನ ಮತ್ತೆ ಜೋಡಿಸೋದು ಅಂದ್ರೆ ತುಂಡಾದ ವೈರು ಜೋಡಿಸಿದ ಹಾಗೆ ತಾನೇ ಡಾಕ್ಟ್ರೇ? ನಂದೂ ಅದೇ ಕಸುಬು."

"ನಿಮ್ಮ ವೈರನ್ನ ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲಿತೀರಾ?" ಡಾಕ್ಟರು ಹಾಳೆಯ ಮೇಲೆ, ಕತ್ತರಿಸಿದ ವೀರ್ಯನಾಳದ ಎರಡು ತುದಿಗಳ ಚಿತ್ರ ಬರೆದರು. "ಜೋಡಿಸೋದು ಒಂದು, ಮಗು ಆಗೋದು ಇನ್ನೊಂದು. ವರ್ಷ ಕಳೆದಷ್ಟೂ ಆಸೆ ಕಮ್ಮಿ. ಐದೇ ಅಂದ್ರೆ ಧೈರ್ಯವಾಗಿ ಮಾಡಬಹುದು."

ಮೇಜಿನ ಕೆಳಗೆ ಅವಳು ಅವನ ಕೈ ಹಿಡಿದು ಅದುಮಿದಳು. ಡಾಕ್ಟರು ಆಪರೇಷನ್ ಫಾರಂನಲ್ಲಿ ಐದು ಎಂದು ಬರೆಯಲು ಪೆನ್ನು ತೆಗೆದರು.

"ಹದಿನಾಲ್ಕು," ಎಂದ ಅವನು, ನೆಲ ನೋಡುತ್ತ. "ಐದು ಅಂದ್ರೆ ನೀನು ಮದುವೆಗೆ ಒಪ್ತೀಯ ಅಂತ..."

ಅವಳು ಕೈ ಬಿಡಿಸಿಕೊಂಡಳು. ಅವನತ್ತ ತಿರುಗದೆ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

"ಹದಿನಾಲ್ಕು ಅಂದ್ರೆ ಎಷ್ಟು ಆಸೆ ಇಟ್ಕೋಬಹುದು ಡಾಕ್ಟ್ರೇ? ನೀವಾದ್ರೂ ನಿಜ ಹೇಳಿ."