ಗಿಣಿಗಳ ಸಾಲು

ಹಸಿ ಜೋಳದ ತೆನೆ ಸುಡುವ ವಾಸನೆ ಬಂದರೆ ಈಗಲೂ ಮುಳಬಾಗಿಲು ಕಡೆಯ ನಮ್ಮ ಹೊಲ ನೆನಪಾಗುತ್ತದೆ.

ಅಜ್ಜಿ ಪ್ರತಿವರ್ಷ ಹೊಲದಂಚಿಗೆ ಒಂದು ಸಾಲು ಜೋಳವನ್ನು ಹದಿನೈದು ದಿನ ಮೊದಲೇ ಬಿತ್ತಿ ಗಿಣಿಗಳಿಗೆ ಬಿಡುತ್ತಿದ್ದಳು. ಅದು ಸಿಕ್ಕರೆ ಅವು ಒಳಗಿನ ಬೆಳೆಗೆ ಬರುತ್ತಿರಲಿಲ್ಲ. ಯುದ್ಧದಿಂದ ಎಲ್ಲೆಡೆ ಕಾಳಿಗೆ ಅಭಾವವಾದ ಒಂದು ವರ್ಷ ಮನೆಯಲ್ಲಿ ರಾಗಿ ಮುಗಿದಿತ್ತು. ಒಂದು ಮಧ್ಯಾಹ್ನ ಅಮ್ಮ ಆ ಸಾಲನ್ನೇ ಕೊಯ್ದು, ತೆನೆ ಸುಡಲು ಕೂತಳು.

ಅಜ್ಜಿ ಬಂದು ನೋಡಿದಳು. "ಗಿಣಿಗಳದ್ದೇನೇ?"

"ಹೂಂ ಅತ್ತೆ. ಬಲಿತಿರೋದು ಅದೊಂದೇ. ಮಕ್ಕಳು ನಿನ್ನೆಯಿಂದ ಬರೀ ಸೊಪ್ಪು ತಿಂದವೆ."

ಅಜ್ಜಿ ಬಿಸಿ ತೆನೆಯನ್ನು ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಕಾಳನ್ನು ನನ್ನ ಕೈಗೆ ಸುರಿದಳು. "ತಿನ್ನು ಕಣೇ. ಅವಕ್ಕೆ ರೆಕ್ಕೆ ಅವೆ."

ತಾನು ಒಂದು ಕಾಳೂ ಮುಟ್ಟಲಿಲ್ಲ. ಮರುದಿನ ಬೆಳಗ್ಗೆ ಗಿಣಿಗಳ ಹಿಂಡು ಒಳಗಿನ ಬೆಳೆಗೆ ಇಳಿಯಿತು. ಹಳೇ ಡಬ್ಬ ಬಡಿಯುತ್ತಾ ಅವನ್ನು ಓಡಿಸಲು ನಿಂತವಳು ಅಜ್ಜಿಯೇ.