ಹಿಂಬಾಗಿಲ ಪಾಳಿ

"ಅಂಗಡಿ ನಂದೇ ಅಲ್ವೇನಕ್ಕ, ಯಾವಾಗ ಬೇಕಾದ್ರೂ ಹೋಗ್ತೀನಿ," ಎಂದ ತಮ್ಮ. ಹಾಗೆಂದವನು ಅಕ್ಕನ ಹಿಟ್ಟಿನ ಗಿರಣಿಯಲ್ಲಿ ಮೂಟೆಯ ಮೇಲೆ ಇನ್ನಷ್ಟು ಭದ್ರವಾಗಿ ಕೂತ.

ಎದುರಿಗೇ ಅವನ ಕಟಿಂಗ್ ಶಾಪಿನ ಹಿಂಬಾಗಿಲು. ವಾರದ ರಜೆಯ ದಿನ ಅಂಗಡಿಯನ್ನು ನರ್ಸಮ್ಮನಿಗೆ ಬಿಟ್ಟುಕೊಟ್ಟವನು ಅವನೇ. ಕುಡಿತ ಬಿಡಬೇಕೆನ್ನುವವರಿಗೆ, ಮನಸ್ಸು ಕುಗ್ಗಿ ಕೂತವರಿಗೆ ಆಕೆ ಪಟ್ಟಣದಿಂದ ಔಷಧಿ ತಂದು, ಕೂರಿಸಿ ಮಾತಾಡಿಸುತ್ತಾಳೆ. ಯಾರ ಕಣ್ಣಿಗೂ ಬೀಳಬಾರದೆಂದು ಊರ ಹಿರಿಯರು ಮುಂದಿನ ಶಟರ್ ಎಳೆಸಿ ಹಿಂಬಾಗಿಲು ತೆರೆಸಿದ್ದರು. ಅದು ಗಿರಣಿಯ ಮುಖಕ್ಕೇ ಇದೆ, ಗಿರಣಿಯ ಮುಂದೆ ಪಾಳಿಗೆ ಡಬ್ಬಿ ಇಟ್ಟು ಅರ್ಧ ಊರೇ ಹರಟುತ್ತಾ ನಿಂತಿರುತ್ತದೆ ಎಂಬುದು ಮಾತ್ರ ಆ ಬುದ್ಧಿವಂತರಿಗೆ ಹೊಳೆಯಲಿಲ್ಲ. ಇದುವರೆಗೆ ಆ ಹೊಸ್ತಿಲು ತುಳಿದವರು ಒಬ್ಬರೂ ಇಲ್ಲ. "ಇವತ್ತೂ ಯಾರೂ ಬರದಿದ್ರೆ ನನ್ನನ್ನ ಬೇರೆ ಊರಿಗೆ ಹಾಕ್ತಾರಕ್ಕ," ಎಂದು ನರ್ಸಮ್ಮ ಬೆಳಿಗ್ಗೆಯೇ ಹೇಳಿದ್ದಳು.

ಅಕ್ಕ ತಮ್ಮನ ಕೈ ನೋಡಿದಳು. ಕುಡಿತ ಹಚ್ಚಿಕೊಂಡ ಮೇಲಿನ ನಡುಕ, ತೊಡೆಗಳ ನಡುವೆ ಒತ್ತಿ ಹಿಡಿದರೂ ನಿಲ್ಲುತ್ತಿರಲಿಲ್ಲ. ಹೋದ ವಾರ ಅದೇ ಕೈ ಮೇಷ್ಟ್ರ ಕಿವಿ ಕೊಯ್ದಿತ್ತು. ಆಮೇಲೆ ಅವನಿಗೆ ಕತ್ತು ಒಡ್ಡುವ ಧೈರ್ಯ ಯಾರಿಗೂ ಬಂದಿಲ್ಲ.

"ಎದ್ದು ಹೋಗೋ."

"ಎಲ್ರೂ ನೋಡ್ತಿದ್ದಾರೆ. ನಾಳೆ ಇವ್ರ ತಲೇನೇ ನಾನು ಮುಟ್ಟಬೇಕು."

"ಈಗ ಮುಟ್ಟಿಸ್ಕೊಳ್ತಿದ್ದಾರಾ?"

ಸೊಂಟದ ಮೇಲೆ ಹೊತ್ತು ಬೆಳೆಸಿದ ಹುಡುಗನನ್ನು ಕಣ್ಣೆದುರೇ ಕಳೆದುಕೊಳ್ಳಲು ಅವಳು ತಯಾರಿರಲಿಲ್ಲ. ಯಾರದೋ ಗೋಧಿ ಅರ್ಧ ಬೀಸಿರುವಾಗಲೇ ಸ್ವಿಚ್ ಆರಿಸಿದಳು. ಗಡಗಡ ನಿಂತು ಓಣಿಯೆಲ್ಲ ಗಪ್‌ಚುಪ್ ಆಯಿತು.

"ಕರೆಂಟ್ ಹೋಯ್ತಾ?" ಎಂದರು ಸಾಲಿನವರು.

"ಕರೆಂಟಿದೆ. ನನಗೇ ಸ್ವಲ್ಪ ಕೆಲ್ಸ ಇದೆ."

ರೆಪ್ಪೆಯ ಮೇಲಿನ ಹಿಟ್ಟನ್ನೂ ಒರೆಸಿಕೊಳ್ಳದೆ ಓಣಿ ದಾಟಿದಳು. ಓರೆಯಾಗಿದ್ದ ಹಿಂಬಾಗಿಲನ್ನು ಗೋಡೆಗೆ ತಾಗುವಂತೆ ತಳ್ಳಿ, ಕನ್ನಡಿಯ ಮುಂದಿನ ಕುರ್ಚಿಯಲ್ಲಿ ಕೂತಳು. ಗಿರಣಿಯ ಸದ್ದಿಗೆ ಪಳಗಿದ ಗಂಟಲು ಅವಳದು. ಓಣಿಯ ಕೊನೆಗೂ ಕೇಳಿಸಿತು:

"ನರ್ಸಮ್ಮಾ, ನಮ್ಮ ಯಜಮಾನ್ರು ಹೋದಾಗಿಂದ ನನಗೆ ನಿದ್ದೇನೇ ಇಲ್ಲ. ಸುಮ್‌ಸುಮ್ನೆ ಅಳು ಬರುತ್ತೆ. ಬದುಕೋದೇ ಬೇಡ ಅನ್ಸುತ್ತೆ. ಇದಕ್ಕೂ ಔಷಧಿ ಇದೆಯಾ?"

ತಮ್ಮನಿಗೆ ದಾರಿ ತೋರಿಸಲೆಂದು ಬಂದಿದ್ದಳು, ನಿಜ. ಆದರೆ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಾಗಿರಲಿಲ್ಲ. ಅದು ಅವಳಿಗೇ ಆಗ ಗೊತ್ತಾಯಿತು. ನರ್ಸಮ್ಮ ಪಕ್ಕಕ್ಕೆ ಸ್ಟೂಲ್ ಎಳೆದುಕೊಂಡು ಅವಳ ಕೈ ಹಿಡಿದಳು. ಅಕ್ಕ ಮನಸಾರೆ ಅತ್ತಳು, ಮಾತಾಡಿದಳು, ಮುಂದಿನ ವಾರವೂ ಬರುತ್ತೇನೆಂದಳು. ಮುಖ ಒರೆಸಿಕೊಂಡು ನೋಡಿದರೆ ಕನ್ನಡಿಯಲ್ಲಿ, ಬಾಗಿಲ ಬಳಿ, ತಮ್ಮ ನಿಂತಿದ್ದ.

"ಏಳಕ್ಕ, ಅದು ಗಿರಾಕಿ ಕುರ್ಚಿ," ಎಂದ. "ಇವತ್ತು ನಾನೇ ಗಿರಾಕಿ."

ಅವಳು ಎದ್ದು ಕೊಟ್ಟಳು. ಗಿರಣಿಗೆ ಮರಳಿ ಸ್ವಿಚ್ ಹಾಕಿ, ಉಳಿದ ಗೋಧಿ ಬೀಸಿ, "ಮುಂದಿನ ಡಬ್ಬಿ ಯಾರದು?" ಎಂದು ಕೂಗಿದಳು. ಸಾಲಿನಲ್ಲಿ ನಡುನಡುವೆ ಜಾಗ ಖಾಲಿ ಬಿದ್ದಿತ್ತು.

ಎರಡು ಡಬ್ಬಿಗಳು ಓಣಿಯಾಚೆ, ತೆರೆದ ಹಿಂಬಾಗಿಲ ಮುಂದೆ ಒಂದರ ಹಿಂದೊಂದು ಪಾಳಿ ಹಿಡಿದು ಕೂತಿದ್ದವು. ಇಟ್ಟವರು ಮಾತ್ರ ಇನ್ನೂ ಗಿರಣಿಯ ಗೋಡೆಗೊರಗಿ ಆಕಾಶ ನೋಡುತ್ತಿದ್ದರು.